ಹೊಳೆವ್ವನ ಗ್ಯಾಸಿನ ಎಮ್ಮೆ

ಹೊಳೆವ್ವ ಬೆಂಗಳೂರಿಗೆ ಬಂದದ್ದು ಕಾಂಕ್ರೀಟ್ ಹೊರಲು. ಮದುವೆಯಾದ ಹೊಸತರಲ್ಲಿ ಹುನಗುಂದದ ಕಡೆಯ ಹಳ್ಳಿಯಿಂದ ಗಂಡ ಭರಮಪ್ಪನ ಜೊತೆ ಬಂದವಳು, ಪೀಣ್ಯದ ಎಷ್ಟೋ ಕಾರ್ಖಾನೆಗಳ ತಾರಸಿಗೆ ಬಾಂಡ್ಲಿಯಲ್ಲಿ ಕಾಂಕ್ರೀಟ್ ಏರಿಸಿದಳು. ಮೊಣಕಾಲು ಹಿಡಿದುಕೊಂಡ ಮೇಲೆ ರಾಜಗೋಪಾಲನಗರದ ನಮ್ಮ ಅಡ್ಡರಸ್ತೆಯಲ್ಲಿ, ಪ್ರಸನ್ನನ ಬಿಲ್ಡಿಂಗಿನ ಕೆಳಗಿನ ಕೋಣೆಯಲ್ಲಿ ನೆಲೆನಿಂತಳು. ಮೆಟ್ಟಿಲು ಗುಡಿಸುವುದು, ಮೋಟರ್ ಹಾಕುವುದು, ಟ್ಯಾಂಕು ಉಕ್ಕುವ ಮೊದಲು ಆರಿಸುವುದು ಅವಳ ಕೆಲಸ. ಭರಮಪ್ಪ ಕಬ್ಬಿಣಕ್ಕೆ ಬಣ್ಣದ ಪುಡಿ ಹಿಡಿಸುವ ಪೌಡರ್ ಕೋಟಿಂಗ್ ಶೆಡ್ಡೊಂದರಲ್ಲಿದ್ದ. ಆ ದಿನ ಯಾವ ಬಣ್ಣದ ಆರ್ಡರ್ ಇತ್ತೆಂಬುದು ಸಂಜೆ ಅವನ ಹುಬ್ಬು ನೋಡಿದರೆ ತಿಳಿಯುತ್ತಿತ್ತು.

ಊರಿನದೆಂದು ಅವಳು ನೆನೆಸಿಕೊಳ್ಳುತ್ತಿದ್ದದ್ದು ತವರಿನ ಎಮ್ಮೆಯನ್ನು. ಅಣ್ಣನಿಗೆ ಫೋನ್ ಮಾಡಿದರೆ ಮೊದಲು ಎಮ್ಮೆಯನ್ನು ವಿಚಾರಿಸಿ ಆಮೇಲೆ ಅತ್ತಿಗೆಯನ್ನು ವಿಚಾರಿಸುತ್ತಿದ್ದಳು. ಇದರಿಂದಾಗಿ ಅತ್ತಿಗೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಇನ್ನೊಂದು, ಅನ್ನ ಬಿಸಾಡಿದ್ದು ಕಂಡರೆ ಅವಳಿಗೆ ತಡೆಯುತ್ತಿರಲಿಲ್ಲ. ಮೇಲಿನ ಮನೆಯವರು ಕವರಿನಲ್ಲಿ ಕಟ್ಟಿ ಎಸೆದ ಚಿತ್ರಾನ್ನವನ್ನು ಎತ್ತಿಕೊಂಡು ಹೋಗಿ, ಬಾಗಿಲು ತಟ್ಟಿ, “ಇದು ನಿಮ್ದ ಏನ್ರಿ? ಕೆಳಗ ಬಿದ್ದಿತ್ರಿ” ಎಂದು ಮರ್ಯಾದೆಯಿಂದ ಕೈಗೆ ಕೊಟ್ಟು ಬರುತ್ತಿದ್ದಳು. ಜನ ಏನೂ ಅನ್ನಲಾಗದೆ ಇಸಿದುಕೊಳ್ಳುತ್ತಿದ್ದರು.

ನಮ್ಮ ರಸ್ತೆಗೆ ಹಸಿರಿನ ಹುಚ್ಚು ಹತ್ತಿಸಿದವನು ಪ್ರಸನ್ನ. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲವೇ ಈಗಿನ ನಮ್ಮ ರಸ್ತೆ. ಅವನಿಗೆ ಎರಡು ಬಿಲ್ಡಿಂಗು, ಒಂದು ಲೇತ್ ವರ್ಕ್‌ಶಾಪು. ನಿವೃತ್ತರಾದ ಶಶಿಕಲಾ ಟೀಚರ್ ಜೊತೆ ಸೇರಿ ‘ಹಸಿರು ಅಡ್ಡರಸ್ತೆ ಬಳಗ’ ಕಟ್ಟಿದ. ಮೂಲೆಯ ಕಸದ ಗುಡ್ಡೆ ತೆಗೆಸಿ ಅಲ್ಲಿ ರಂಗೋಲಿ ಹಾಕಿಸಿದರು, ಖಾಲಿ ಪೇಂಟ್ ಡಬ್ಬಗಳಲ್ಲಿ ದಾಸವಾಳ ನೆಟ್ಟರು. ಆಮೇಲೆ ಒಂದು ಕಾರ್ಖಾನೆಯವರು ಸಮಾಜಸೇವೆಯ ಲೆಕ್ಕದಲ್ಲಿ ನಮಗೊಂದು ಗ್ಯಾಸ್ ಟ್ಯಾಂಕು ದಾನ ಕೊಟ್ಟರು.

ಅದು ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಟ್ಯಾಂಕು. ಅದರೊಳಗೆ ಇನ್ನೊಂದನ್ನು ಬೋರಲು ಹಾಕಿತ್ತು. ಹಸಿಕಸವನ್ನು ಜಜ್ಜಿ ನೀರು ಬೆರೆಸಿ ಪಕ್ಕದ ಕೊಳವೆಗೆ ಸುರಿದರೆ ಒಳಗೆ ಕೊಳೆತು ಗ್ಯಾಸಾಗುತ್ತದೆ, ಮೇಲಿನ ಟ್ಯಾಂಕು ಉಬ್ಬಿ ಮೇಲೇಳುತ್ತದೆ. ಗ್ಯಾಸು ಪೈಪಿನಲ್ಲಿ ಪಕ್ಕದ ಶೆಡ್ಡಿನ ಒಲೆಗೆ ಹೋಗುತ್ತದೆ. ಬೆಳಿಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಅಲ್ಲಿ ಟೀ ಕಾಯಿಸುವುದೆಂದು ಬಳಗ ತೀರ್ಮಾನಿಸಿತು. ಟ್ಯಾಂಕು ನೋಡಿಕೊಳ್ಳುವ ಕೆಲಸ ಹೊಳೆವ್ವನದಾಯಿತು.

ಶುರುವಿಗೆ ಸಗಣಿ ಬೇಕಿತ್ತು. ನಮ್ಮ ರಸ್ತೆಯಲ್ಲಿ ಹಸು ಉಳಿದಿದ್ದದ್ದು ಪ್ರಸನ್ನನ ದೊಡ್ಡತ್ತೆ ಚಿಕ್ಕಮುನಿಯಮ್ಮನ ಮನೆಯಲ್ಲಿ ಮಾತ್ರ.

“ನಮ್ ಅಸ ಆಕಿದ ಸಗಣಿ ಟ್ಯಾಂಕಿಗಾ? ಅದೇನ್ ಆಲ್ ಕೊಡ್ತದಾ?” ಎಂದಿತು ಮುದುಕಿ.

“ಹಾಲಲ್ಲಜ್ಜಿ, ಚಾ ಕೊಡ್ತೈತಂತ” ಎಂದಳು ಹೊಳೆವ್ವ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಒಲೆ ಹೊತ್ತಿಸಿದರು. ಬಿಸಿಲಿಗೆ ನೀಲಿ ಉರಿ ಯಾರಿಗೂ ಕಾಣಲಿಲ್ಲ. ಹೊತ್ತಿದೆಯೋ ಇಲ್ಲವೋ ಎಂದು ಪ್ರಸನ್ನ ಕೈಯಿಟ್ಟು ನೋಡಿ ಕೈ ಸುಟ್ಟುಕೊಂಡ. ರಸ್ತೆಗೆ ರಸ್ತೆಯೇ ಚಪ್ಪಾಳೆ ಹೊಡೆಯಿತು.

ಹೊಳೆವ್ವನಿಗೆ ಟ್ಯಾಂಕಿನ ಮೇಲೆ ಮೊದಲು ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಹೊತ್ತುಹೊತ್ತಿಗೆ ಮೇವು ಹಾಕುವುದು, ತಿಂದ ಮೇಲೆ ಅದು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುವುದು, ಆಗಾಗ ಗುಳುಗುಳು ಎಂದು ಮೆಲುಕು ಹಾಕಿದಂತೆ ಸದ್ದು ಮಾಡುವುದು, ಇದನ್ನೆಲ್ಲ ನೋಡುತ್ತ ನೋಡುತ್ತ ಅವಳ ಬಾಯಲ್ಲಿ ಅದು ‘ಎಮ್ಮಿ’ ಆಯಿತು. ಸೋಮವಾರಕ್ಕೊಮ್ಮೆ ಮೈ ತೊಳೆದು ಕುಂಕುಮ ಹಚ್ಚತೊಡಗಿದಳು.

“ಅದು ಟ್ಯಾಂಕ್ ಐತಿ” ಎಂದ ಭರಮಪ್ಪ. ಅವತ್ತು ಅವನ ಹುಬ್ಬು ಹಳದಿಯಾಗಿತ್ತು.

“ಗೊತ್ತೈತಿ. ಟ್ಯಾಂಕಿಗೆ ಹೊಟ್ಟಿ ಇರಂಗಿಲ್ಲೇನು?”

ಎಲ್ಲ ಸುಸೂತ್ರವಾಗಿ ನಡೆದಿತ್ತು. ಆದರೆ ಶಶಿಕಲಾ ಟೀಚರಿಗೆ ಸುಮ್ಮನೆ ಕೂರುವ ಅಭ್ಯಾಸವಿರಲಿಲ್ಲ. ಟ್ಯಾಂಕಿನ ಮುಂದೆ ನಿಂತು ಎಷ್ಟು ಅನ್ನ ಒಳಗೆ ಹೋಗುತ್ತಿದೆ ಎಂಬುದನ್ನು ನೋಡಿ ನೊಂದುಕೊಂಡು, ಬಳಗದ ಎರಡನೇ ಕಾರ್ಯಕ್ರಮವಾಗಿ ‘ಖಾಲಿ ತಟ್ಟೆ ಅಭಿಯಾನ’ ಶುರು ಮಾಡಿದರು. ಒಂದು ಅಗುಳೂ ಬಿಡಬೇಡಿ ಎಂದು ಕಂಬಕಂಬಕ್ಕೂ ಬೋರ್ಡು ಬಂತು. ಕಸ ಕಡಿಮೆಯಾದ ಬಿಲ್ಡಿಂಗಿನ ಮುಂದೆ ಟೀಚರೇ ಬಂದು ಸೀಮೆಸುಣ್ಣದಲ್ಲಿ ನಕ್ಷತ್ರ ಬರೆಯುತ್ತಿದ್ದರು. ಪಕ್ಕದ ಬಿಲ್ಡಿಂಗಿಗೆ ನಕ್ಷತ್ರ ಬಂದು ತಮಗೆ ಬರದಿದ್ದರೆ ಜನ ಊಟದಲ್ಲೇ ಹಟ ಸಾಧಿಸುತ್ತಿದ್ದರು. ಹೀರೇಕಾಯಿ ಸಿಪ್ಪೆ ಚಟ್ನಿಯಾಯಿತು, ಕಲ್ಲಂಗಡಿಯ ಬಿಳಿ ತಿರುಳು ಪಲ್ಯವಾಯಿತು, ನಿನ್ನೆಯ ಅನ್ನ ಸಂಡಿಗೆಯಾಗಿ ತಾರಸಿಯ ಮೇಲೆ ಒಣಗಿತು. ಅಭಿಯಾನವನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವಳು ಹೊಳೆವ್ವ. ಮನೆಮನೆಗೆ ಹೋಗಿ ತಟ್ಟೆ ನೋಡಿ ಬರುತ್ತಿದ್ದಳು.

ಎಮ್ಮೆ ಇಳಿಯತೊಡಗಿದ್ದು ಆಮೇಲೆ. ಮೇಲಿನ ಟ್ಯಾಂಕು ದಿನದಿನಕ್ಕೆ ಕುಸಿದು, ಒಲೆಯ ಉರಿ ಸಣ್ಣಗಾಗಿ, ಒಂದು ಬೆಳಿಗ್ಗೆ ಟೀ ಅರ್ಧ ಕಾದು ನಿಂತಿತು. ಹೊಳೆವ್ವ ಎಮ್ಮೆಯ ಹೊಟ್ಟೆ ಮುಟ್ಟಿ ನೋಡಿ ಪ್ರಸನ್ನನ ಮನೆಗೆ ಹೋದಳು.

“ಅಣ್ಣಾರ, ಎಮ್ಮಿ ಹಸದೈತ್ರಿ.”

ಬಳಗದ ಸಭೆ ಸೇರಿತು. ತಟ್ಟೆ ಖಾಲಿಯಾದರೆ ಟ್ಯಾಂಕೂ ಖಾಲಿ, ಟ್ಯಾಂಕು ತುಂಬಬೇಕಾದರೆ ತಟ್ಟೆಯಲ್ಲಿ ಬಿಡಬೇಕು. ಸ್ವಲ್ಪ ಬಿಡಿ ಎಂದು ಹೊಸ ಬೋರ್ಡು ಹಾಕೋಣ ಎಂದ ಪ್ರಸನ್ನ.

“ಬರೆಸಿರೋ ಬೋರ್ಡನ್ನ ನಾನು ತಿದ್ದೋದಿಲ್ಲಪ್ಪ. ಮೂವತ್ತು ವರ್ಷ ಪಾಠ ಮಾಡಿದ್ದೀನಿ” ಎಂದರು ಟೀಚರ್.

“ಹಾಗಾದ್ರೆ ಟೀ ಕಾಯಿಸೋದು ಹೇಗೆ ಟೀಚರ್?”

“ಅದು ನಿಮ್ಮ ಟ್ಯಾಂಕಿನ ಪ್ರಶ್ನೆ.”

ಹೊಳೆವ್ವ ಸಭೆ ಮುಗಿಯುವುದನ್ನು ಕಾಯಲಿಲ್ಲ. ಬಕೆಟ್ ಹಿಡಿದು ಮನೆಮನೆಗೆ ಹೊರಟಳು. “ಕಸ ಹಾಕ್ರವ್ವಾ, ಎಮ್ಮಿ ಉಪವಾಸ ಐತಿ.” ನಿನ್ನೆಯವರೆಗೂ ತಟ್ಟೆ ಪರೀಕ್ಷೆ ಮಾಡುತ್ತಿದ್ದವಳು ಇಂದು ಕಸ ಬೇಡುತ್ತ ಬಂದದ್ದು ಜನರ ಅನುಮಾನಕ್ಕೆ ಎಡೆಮಾಡಿತು. ಇದೂ ಒಂದು ಪರೀಕ್ಷೆಯೇ ಇರಬೇಕೆಂದು, ಇದ್ದ ಸಿಪ್ಪೆಯನ್ನೂ ಬಚ್ಚಿಟ್ಟು, “ನಮ್ಮನೇಲಿ ಏನೂ ಇಲ್ಲ, ಬೇಕಾದ್ರೆ ಒಳಗ್ ಬಂದು ನೋಡಿ” ಎಂದರು. ಮೇಲಿನ ಮನೆಯ ವೇಣಿ ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು ಹುಳಿ ಬಂದ ಒಂದು ಬಟ್ಟಲು ದೋಸೆಹಿಟ್ಟು ತಂದು, ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಬೇಡಿಕೊಂಡಳು.

ಉಳಿದಿದ್ದ ಬಾಳೆಹಣ್ಣಿನ ಸಿಪ್ಪೆಗಳಿಗೆ ಚಿಕ್ಕಮುನಿಯಮ್ಮ ಪೈಪೋಟಿಗೆ ನಿಂತಳು.

“ನನ್ ಅಸ ನಿಜವಾದ್ದು ಕಣವ್ವ, ನಿಂದು ಪಿಲಾಸ್ಟಿಕ್ಕು. ಯಾವುದ್ಕೆ ಆಕ್ಬೇಕು ಅಂತ ನೀನೇ ಯೋಳು.”

ಹೊಳೆವ್ವ ಹಸುವಿನ ಕಣ್ಣು ನೋಡಿದಳು, ಸಿಪ್ಪೆಗಳನ್ನು ಅದರ ಮುಂದೆ ಸುರಿದಳು. ಬಂದು ಎಮ್ಮೆಯ ಮೈ ಸವರಿದಳು. ಆ ದಿನ ಅವಳೂ ಊಟ ಮಾಡಲಿಲ್ಲ ಎಂದು ಭರಮಪ್ಪ ಆಮೇಲೆ ಹೇಳಿದ.

ಇಂಥ ಸಮಯದಲ್ಲಿ ಸುದ್ದಿ ಬಂತು. ನಗರದ ಪರಿಸರ ಸಂಘವೊಂದು ‘ಮಾದರಿ ರಸ್ತೆ’ ಪ್ರಶಸ್ತಿ ಕೊಡಲು ನಮ್ಮ ಹೆಸರನ್ನೂ ಪರಿಶೀಲಿಸುತ್ತಿತ್ತು. ತೀರ್ಪುಗಾರರು ಶನಿವಾರ ಬರುತ್ತಾರೆ, ಟ್ಯಾಂಕು ನೋಡುತ್ತಾರೆ, ಅದರ ಗ್ಯಾಸಿನಲ್ಲಿ ಕಾಯಿಸಿದ ಟೀ ಕುಡಿಯುತ್ತಾರೆ. ಟ್ಯಾಂಕು ನೋಡಿದರೆ ಗಾಳಿ ಹೋದ ಟಯರಿನಂತೆ ಕೂತಿತ್ತು.

ಶುಕ್ರವಾರ ಬೆಳಿಗ್ಗೆ ಪ್ರಸನ್ನ ಒಂದು ಮೂಟೆ ಅಕ್ಕಿ, ಒಂದು ದೊಡ್ಡ ಹಂಡೆ ಮತ್ತು ಮದುವೆ ಮನೆಯ ಸಿಲಿಂಡರ್ ಒಲೆ ತರಿಸಿದ. ಅನ್ನ ಮಾಡಿ, ಕಿವುಚಿ, ಮಧ್ಯಾಹ್ನವೇ ಟ್ಯಾಂಕಿಗೆ ಸುರಿದರೆ ನಾಳೆಯ ಹೊತ್ತಿಗೆ ಉಬ್ಬೀತು ಎಂದು ಅವನ ಆಲೋಚನೆ. ಸಿಲಿಂಡರಿನ ಗ್ಯಾಸ್ ಸುಟ್ಟು ಅನ್ನ, ಆ ಅನ್ನದಿಂದ ಗ್ಯಾಸು, ಆ ಗ್ಯಾಸಿನಿಂದ ಟೀ. ಇದರಲ್ಲಿ ಅರ್ಥವೇನಿದೆ ಎಂದು ಯಾರೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರಿಗೂ ಪ್ರಶಸ್ತಿಯ ಯೋಚನೆ ಹತ್ತಿತ್ತು.

ಅನ್ನ ಬೆಂದಿತು. ಮಲ್ಲಿಗೆಯಂಥ ಅನ್ನ. ಹೊಳೆವ್ವ ಸೌಟು ಹಿಡಿದು ಹಂಡೆಯ ಮುಂದೆ ನಿಂತಳು. ಒಂದು ಕಡೆ ಹಸಿದ ಎಮ್ಮೆ, ಇನ್ನೊಂದು ಕಡೆ ಹೊಗೆಯಾಡುವ ಹೊಸ ಅನ್ನ.

“ಸುರಿ ಹೊಳೆವ್ವ” ಎಂದ ಪ್ರಸನ್ನ.

“ಅಣ್ಣಾರ, ಇದಕ್ಕ ಇನ್ನೂ ಯಾರೂ ಕೈ ಹಚ್ಚಿಲ್ರಿ. ಎಂಜಲಾಗದ ಅನ್ನ ಕಸಾ ಹೆಂಗ್ ಆಗ್ತೈತ್ರಿ?”

ಪ್ರಸನ್ನ ತಲೆ ಕೆರೆದುಕೊಂಡ. ಅವಳು ಮುಂದುವರಿಸಿದಳು: “ಮೊದ್ಲ ಮಂದಿ ಉಣ್ಣಲಿ. ಉಳಿದದ್ದು ಎಮ್ಮಿಗೆ ಹಾಕೂಣು. ಎಷ್ಟು ಮಂದಿ ಉಂಡ್ರೂ ಇಷ್ಟು ಅನ್ನದಾಗ ಉಳಿಯದ ಇರ್ತೈತೇನ್ರಿ?”

ಆಗ ಕಾರ್ಖಾನೆಗಳ ಮೊದಲನೇ ಪಾಳಿ ಬಿಡುವ ಹೊತ್ತು. ಹೊಳೆವ್ವ ರಸ್ತೆಯ ತಲೆಗೆ ಹೋಗಿ ನಿಂತು ಬಂದವರನ್ನೆಲ್ಲ ಕರೆದಳು. ಜನ ಸಾಲಾಗಿ ಕೂತರು. ಬರೀ ಅನ್ನ ಬಡಿಸಲು ಅವಳಿಗೆ ಮನಸ್ಸಾಗಲಿಲ್ಲ. ತನ್ನ ಡಬ್ಬಿಯ ಶೇಂಗಾ ಹಿಂಡಿ, ಕಡಲೆಕಾಯಿಯ ಚಟ್ನಿಪುಡಿ, ತಂದಳು. ಅದನ್ನು ಕಂಡು ಚಿಕ್ಕಮುನಿಯಮ್ಮ ಒಂದು ಕೊಡ ಮಜ್ಜಿಗೆ ತಂದಳು. ಟೀಚರ್ ಉಪ್ಪಿನಕಾಯಿಯ ಜಾಡಿಯನ್ನೇ ಹೊತ್ತು ತಂದರು. ಊಟ ಅಷ್ಟು ರುಚಿಯಾದದ್ದು ತೊಂದರೆಯಾಯಿತು. ಎರಡನೇ ಸಾಲು, ಮೂರನೇ ಸಾಲು ಎದ್ದ ಮೇಲೆ ಎಲೆಗಳ ಮೇಲೆ ಹುಡುಕಿದರೂ ಅಗುಳಿರಲಿಲ್ಲ. ಹಂಡೆಯ ತಳ ಕಾಣತೊಡಗಿತು.

ಹೊಳೆವ್ವನಿಗೆ ಗಾಬರಿಯಾಯಿತು. ಸಾಲಿನ ತುದಿಯಲ್ಲಿ ಕೂತಿದ್ದ, ಇಂಡಿ ಕಡೆಯ ರೇವಣಸಿದ್ದನೆಂಬವನ ಮುಂದೆ ಬಗ್ಗಿದಳು.

“ಒಂದು ತುತ್ತರ ಬಿಡೋ ತಮ್ಮಾ.”

“ಹೆಂಗ್ ಬಿಡ್ಲಿ ಅಕ್ಕಾ? ಕಂಬಕ್ಕ ನೀವೇ ಬೋರ್ಡ್ ಹಾಕೀರಿ” ಎಂದು ಅವನು ಬೆರಳು ನೆಕ್ಕಿಕೊಂಡ.

ಅಷ್ಟರಲ್ಲಿ ರಸ್ತೆಯ ತಲೆಯಲ್ಲಿ ಕಾರು ನಿಂತಿತು. ಶನಿವಾರ ಬರಬೇಕಾದವರು ಶುಕ್ರವಾರವೇ ಬಂದಿದ್ದರು. ನಾಳೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೇರೆ ರಸ್ತೆ ನೋಡುವುದಿತ್ತಂತೆ. ತೀರ್ಪುಗಾರರಲ್ಲಿ ಮುಖ್ಯರಾದ ಮಂಜುಶ್ರೀ ಎಂಬ ಮೇಡಂ ವೈಟ್‌ಫೀಲ್ಡಿನವರು. ಪ್ರಸನ್ನ ಅವರಿಗೂ ಟ್ಯಾಂಕಿಗೂ ನಡುವೆ ಬಂದು ಅಗಲವಾಗಿ ನಿಂತ.

“ಊಟ ಮಾಡಿ ಮೇಡಂ. ಮೊದ್ಲು ಊಟ, ಆಮೇಲೆ ಎಲ್ಲಾ ತೋರಿಸ್ತೀವಿ.”

ಮೇಡಂ ನೆಲದ ಮೇಲೆಯೇ ಕೂತರು. ಹೊಳೆವ್ವ ಹಂಡೆ ಕೆರೆದು ಬಡಿಸಿದಳು. ಮೇಡಂ ಎರಡು ತುತ್ತು ತಿಂದು, ಚೆನ್ನಾಗಿದೆ ಎಂದು, ತಾವು ಅನ್ನ ಕಡಿಮೆ ಮಾಡಿರುವುದಾಗಿ ಹೇಳಿ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಸಾಲಿನಲ್ಲಿದ್ದವರೆಲ್ಲ ಆ ಎಲೆಯನ್ನೇ ನೋಡಿದರು.

ಹೊಳೆವ್ವ ಎರಡೂ ಕೈಗಳಲ್ಲಿ ಆ ಎಲೆಯನ್ನು ಎತ್ತಿಕೊಂಡಳು. “ದೇವ್ರು ನಿಮ್ಮನ್ನ ಚಲೋ ಇಟ್ಟಿರ್ಲಿ ಯವ್ವಾ” ಎಂದಳು. ಎಲೆಯನ್ನು ಕಣ್ಣಿಗೊತ್ತಿಕೊಂಡಳು. ಎಲ್ಲರ ಎದುರಿಗೇ ಹೋಗಿ, ಕಿವುಚಿ, ಎಮ್ಮೆಗೆ ತಿನ್ನಿಸಿದಳು. ಮೇಡಂ ಅದರ ಫೋಟೋ ತೆಗೆದುಕೊಂಡು, ಹೊತ್ತಾಯಿತೆಂದು ಟೀ ಕೇಳದೆ ಹೊರಟರು.

ತಿಂಗಳ ನಂತರ ಪ್ರಶಸ್ತಿ ನಮಗೇ ಬಂತು. ನೂರಾರು ಜನ ಉಂಡೂ ಒಂದು ಅಗುಳೂ ಹಾಳಾಗದ ರಸ್ತೆ, ಉಳಿದ ಚೂರು ಅನ್ನವನ್ನೂ ಕಣ್ಣಿಗೊತ್ತಿಕೊಳ್ಳುವ ಕಾರ್ಯಕರ್ತೆ ಎಂದು ಅವರ ವರದಿಯಲ್ಲಿತ್ತು. ಹಾರ ಹಾಕಿದರು, ಫಲಕ ಕೊಟ್ಟರು. ಬಹುಮಾನವಾಗಿ ಇನ್ನೊಂದು ಗ್ಯಾಸ್ ಟ್ಯಾಂಕು ಕೊಟ್ಟರು. ಮೊದಲಿನದಕ್ಕಿಂತ ದೊಡ್ಡದು.

ಲಾರಿಯಿಂದ ಅದನ್ನು ಇಳಿಸುವಾಗ ಪ್ರಸನ್ನ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೊಳೆವ್ವ ಸುತ್ತ ಒಂದು ಪ್ರದಕ್ಷಿಣೆ ಬಂದು, “ಇದು ಭಾಳ ತಿನ್ನೂ ಜಾತಿ” ಎಂದಳು.

ಕೊನೆಗೆ ದಾರಿ ತೋರಿಸಿದ್ದು ಮುಖ್ಯರಸ್ತೆಯ ಪಿ.ಜಿ. ಅದರ ಮಾಲೀಕ ದಾಸಪ್ಪ. ಅವನ ಅಡಿಗೆ ಭಟ್ಟ ಮಾಡುತ್ತಿದ್ದ ಸಾಂಬಾರನ್ನು ಅಲ್ಲಿ ಬಾಡಿಗೆಗಿದ್ದ ನೌಕರರು ಬಾಯಿಗಿಡುತ್ತಿರಲಿಲ್ಲ. ದಿನಕ್ಕೆ ಬಕೆಟ್‌ಗಟ್ಟಲೆ ಅನ್ನ ಸಾಂಬಾರು ಹೊರಗೆ ಬರುತ್ತಿತ್ತು. ಬಳಗದ ಸಭೆ ಸೇರಿ, ಪಿ.ಜಿ.ಯ ಹತ್ತಿರ ಖಾಲಿ ತಟ್ಟೆಯ ಬೋರ್ಡು ಹಾಕಕೂಡದು ಎಂದು ನಿರ್ಣಯ ಮಾಡಿತು. ಟೀಚರ್ ವಿರೋಧಿಸಲಿಲ್ಲ. ಆ ಕಡೆ ತಿರುಗಿ ನೋಡುವುದನ್ನು ಬಿಟ್ಟರು, ಅಷ್ಟೆ. ಹೊಳೆವ್ವನಿಗೆ ಅಷ್ಟು ಅನ್ನ ಹಾಳಾಗುವುದು ಕಂಡು ಸಂಕಟವಾಗುತ್ತಿತ್ತು, ಎಮ್ಮೆಗಳು ಉಬ್ಬಿ ನಿಂತದ್ದು ಕಂಡು ಸಂತೋಷವಾಗುತ್ತಿತ್ತು. ಎರಡನ್ನೂ ಒಟ್ಟಿಗೆ ಅನುಭವಿಸುತ್ತ ಬಕೆಟ್ ಹೊರುತ್ತಿದ್ದಳು.

ಕಳೆದ ತಿಂಗಳು ದಾಸಪ್ಪ ಭಟ್ಟನನ್ನು ಬದಲಾಯಿಸಿದ. ಹೊಸಬ ಉಡುಪಿಯ ಕಡೆಯವನು, ಕೈರುಚಿ ಒಳ್ಳೆಯದು. ಬಕೆಟ್ ಬರಿದಾಯಿತು. ಮೂರನೆಯ ದಿನ ಹೊಳೆವ್ವ ದಾಸಪ್ಪನ ಮುಂದೆ ಹೋಗಿ ನಿಂತದ್ದನ್ನು ನಾನೇ ಕಂಡೆ.

“ಅಣ್ಣಾರ, ಹೊಸಾ ಭಟ್ಟ ಅಡಗಿ ಚಲೋ ಮಾಡಾಕತ್ಯಾನ್ರಿ.”

“ಹೌದು ಕಣಮ್ಮ. ಎಲ್ಲಾರೂ ಖುಷಿಯಾಗವ್ರೆ.”

“ಅದನ್ನ ಹೇಳಾಕ ಬಂದೀನ್ರಿ. ವಾರದಾಗ ಎರಡು ದಿವ್ಸ ಹಳೇ ಭಟ್ಟನ್ನ ಕರಸ್ರಿ.”

ದಾಸಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವಳು ನಗಲಿಲ್ಲ. ಒಳಗೆ ಊಟದ ಸಾಲಿನಲ್ಲಿ ಯಾರೋ ಇನ್ನೊಂದು ಸೌಟು ಸಾಂಬಾರು ಕೇಳುತ್ತಿದ್ದರು.

“ಯೋಚನೆ ಮಾಡ್ತೀನಿ ಬಿಡಮ್ಮ” ಎಂದ ಅವನು. ಈಗ ಮಂಗಳವಾರ ಮತ್ತು ಶುಕ್ರವಾರ ಹಳೆಯ ಭಟ್ಟ ಬರುತ್ತಾನೆ.