ಅರ್ಧ ಅಡಿ ಕಾಂತರಾಜು
ಹಾಸನದ ನೀರಾವರಿ ಇಲಾಖೆಯ ನಕ್ಷೆ ಆಫೀಸಿನಲ್ಲಿ ಕಾಂತರಾಜು ತೆರೆದ ಬ್ರಾಕೆಟ್ಟನ್ನು ಮುಚ್ಚದೆ ಎದ್ದವರಲ್ಲ. ಒಂದು ಗುಂಡಿ ಒತ್ತಿದರೆ ನಾಲೆಯ ನಕ್ಷೆ ತಾನೇ ಮೂಡುವಂಥ ಮ್ಯಾಕ್ರೋಗಳನ್ನು ಇಪ್ಪತ್ತೈದು ವರ್ಷದ ಹಿಂದೆ ಅವರು ಬ್ರಾಕೆಟ್ಟುಗಳೇ ತುಂಬಿದ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದೇ ಬೆರಳ ಗೆಣ್ಣಿನ ಮೇಲೆ ಅವನ್ನು ಎಣಿಸಿ. ಆ ಚಟ ಎಂಥದೆಂದರೆ, ಬೀಗರ ಮನೆಯಲ್ಲೂ ತೆರೆದ ಕದಗಳನ್ನೆಲ್ಲ ಎಣಿಸಿ, ಒಳಗಿದ್ದ ಬೀಗಿತ್ತಿಯನ್ನೂ ಲೆಕ್ಕಿಸದೆ ಚಿಲಕ ಹಾಕಿ ಬಂದವರು. ಈಗ ಅದೆಲ್ಲವನ್ನೂ ಪೈಥಾನ್ ಎಂಬ ಹೊಸ ಭಾಷೆಗೆ ಬದಲಿಸಬೇಕಂತೆ. ಅಲ್ಲಿ ಸಾಲಿನ ಮುಂದೆ ಬಿಟ್ಟ ಖಾಲಿ ಜಾಗಕ್ಕೂ ಅರ್ಥವಿದೆ ಎನ್ನುತ್ತಾಳೆ, ಆ ಕೆಲಸಕ್ಕೆಂದೇ ಬಂದ ಇಂಜಿನಿಯರ್ ರೂಪಶ್ರೀ. "ಏನೂ ಬರೀದಿರೋ ಜಾಗ್ದಲ್ಲಿ ಏನ್ ಓದಾದು ಕಣವ್ವಾ?" ಎನ್ನುತ್ತ ಕಾಂತರಾಜು ಪರದೆಗೆ ಸ್ಕೇಲಿಟ್ಟು ಆ ಜಾಗವನ್ನು ಅಳೆಯುತ್ತಾರೆ. ಮೊನ್ನೆ ಅವಳು ಕೇಳಿದಳು: "ಸರ್, ನಾಲೆ ಏರಿಯ ಎತ್ತರಕ್ಕೆ ಇಲ್ಲಿ ಸುಮ್ಮನೆ ಅರ್ಧ ಅಡಿ ಸೇರಿಸಿದೀರಲ್ಲ, ಯಾಕೆ? ಕಾರಣ ಇಲ್ದಿದ್ರೆ ತೆಗೆದ್ಬಿಡ್ತೀನಿ." ಕಾಂತರಾಜು ಪರದೆಗೆ ಬಾಗಿದರು. ಕನ್ನಡಕ ತೆಗೆದರು, ಮತ್ತೆ ಹಾಕಿದರು. ತಾವೇ ಬರೆದ ಸಾಲು ಯಾರದೋ ಕೈಬರಹದಂತೆ ಕಂಡಿತು. ಸಂಜೆ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ನೆನಪಾಯಿತು: ಗದ್ದೆಗಳಿಗೆ ನಾಲೆಯ ನೀರು ಬಿಡುತ್ತಿದ್ದ ಗೊರೂರಿನ ನೀರುಗಂಟಿ ಚೆನ್ನಯ್ಯ, ಆ ಮ್ಯಾಕ್ರೋ ಬರೆಯುವ ದಿನಗಳಲ್ಲಿ, ತಮ್ಮನ್ನು ಏರಿಯ ಮೇಲೆ ನಡೆಸಿಕೊಂಡು ಹೋಗಿ ಹೇಳಿದ್ದ: "ನಿಮ್ ಕಾಗದ್ದಲ್ಲಿ ಸರಿಯಾಗೈತೆ ಸಾ. ಎಲ್ಡು ವರ್ಸಕ್ಕೆ ಎಮ್ಮೆ ತುಳ್ದು ತುಳ್ದು ಅರ್ಧಡಿ ಕುಗ್ಗೋಯ್ತದೆ." ಚೆನ್ನಯ್ಯ ಈಗಿಲ್ಲ. ಕಾಂತರಾಜು ಮರಳಿ ಬಂದು, ಚೀಲವನ್ನೂ ಇಳಿಸದೆ, ರೂಪಶ್ರೀಯ ಹೊಸ ಪ್ರೋಗ್ರಾಮಿನಲ್ಲಿ ಆ ಅರ್ಧ ಅಡಿಯ ಪಕ್ಕ ಒಂದೊಂದೇ ಕನ್ನಡ ಅಕ್ಷರ ಹುಡುಕಿ ಒತ್ತಿದರು: "ಇಲ್ಲಿ ಎಮ್ಮೆಗಳು ಓಡಾಡುತ್ತವೆ."