ಮಾವ ಅಪ್‌ಗ್ರೇಡ್ ಮಾಡಿದ ಲ್ಯಾಪ್‌ಟಾಪು

ನಮ್ಮ ಮಾವನ ಅಂಗಿಗಳಲ್ಲಿ ಎಡಜೇಬಿನ ಅಂಚಿಗೆ ತುಕ್ಕಿನ ಗೆರೆ ಇರದ ಅಂಗಿಯೇ ಇರಲಿಲ್ಲ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವರು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಅದರ ಕ್ಲಿಪ್ಪು ಬೆವರಿಗೆ ತುಕ್ಕು ಹಿಡಿದು ಬಟ್ಟೆಗೆ ಇಳಿಯುತ್ತಿತ್ತು. ನಿಂಬೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನನ್ನ ಮದುವೆಯ ಫೋಟೋಗಳಲ್ಲಿ ಕೂಡ ಅವರ ರೇಷ್ಮೆ ಅಂಗಿಯ ಜೇಬಿನಿಂದ ಹಳದಿ ಹಿಡಿಯೊಂದು ಇಣುಕುತ್ತದೆ. ಛತ್ರದ ವೈರಿಂಗ್ ಮೇಲೆ ಅವರಿಗೆ ನಂಬಿಕೆ ಇರಲಿಲ್ಲವಂತೆ.

ವಿದ್ಯುತ್ ಇಲಾಖೆಗೆ ಲೈನ್‌ಮನ್ ಆಗಿ ಸೇರಿ, ಮೇಲ್ವಿಚಾರಕರಾಗಿ ನಿವೃತ್ತರಾದವರು. ವಿಜಯನಗರದ ನಮ್ಮ ಮನೆಯಲ್ಲಿ ಅವರ ಕೈ ಬೀಳದ ಸ್ವಿಚ್ಚಿರಲಿಲ್ಲ. ಹೊಸದು ಬಂದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಚೆನ್ನಾಗಿ ನಡೆಯುತ್ತಿದ್ದ ಹಳೆಯದನ್ನು ಕಿತ್ತು ಹಾಕುತ್ತಿದ್ದರು. ಹಾಲಿನ ಫ್ಯಾನಿಗೆ ಹೊಸ ಮಾದರಿಯ ರೆಗ್ಯುಲೇಟರ್ ಹಾಕಿದ ಮೇಲೆ ಅದು ಒಂದೋ ನಿಂತಿರುತ್ತಿತ್ತು, ಇಲ್ಲವೇ ಕ್ಯಾಲೆಂಡರ್ ಹಾರಿಸುತ್ತಿತ್ತು. ನಡುವಿನದೊಂದು ವೇಗವಿರುವುದನ್ನೇ ಮರೆತಿತ್ತು. ಯಾರಾದರೂ ದೂರಿದರೆ ಅವರದು ಒಂದೇ ಮಾತು: “ಹಳೇದನ್ನ ಇಟ್ಕೊಂಡು ಪೂಜೆ ಮಾಡ್ತೀಯೇನಮ್ಮಾ?”

ಕೊನೆಗೆ ಆಯುಧ ಪೂಜೆಯ ದಿನವೇ ಅವರು ನನ್ನ ಲ್ಯಾಪ್‌ಟಾಪಿಗೆ ಕೈ ಹಾಕಿದರು.

ಆಗ ನಾನು ಪಿಎಚ್‌.ಡಿ. ಮಾಡುತ್ತಿದ್ದೆ. ಬೆಂಗಳೂರಿನ ಪಶ್ಚಿಮದ ಹಳ್ಳಿಗಳು ಬಡಾವಣೆಗಳಾಗುವ ಮೊದಲು ಅಲ್ಲಿನ ಹೊಲಗದ್ದೆಗಳಿಗಿದ್ದ ಹೆಸರುಗಳು ನನ್ನ ವಿಷಯ. ಹಳಬರ ಮನೆಮನೆಗೆ ಹೋಗಿ ಕೇಳಿ ತಂದದ್ದೆಲ್ಲ ಆ ಲ್ಯಾಪ್‌ಟಾಪಿನಲ್ಲೇ ಇತ್ತು. ಮಗಳು ಹುಟ್ಟಿದ್ದರಿಂದ ತಡವಾಗಿ, ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದೆ. ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿದ್ದ ನನ್ನ ಗೈಡ್ ಇನ್ನು ಸಾಧ್ಯವಿಲ್ಲ ಎಂದು ಕೈ ಚೆಲ್ಲಿದ್ದರು. ಡಿಸೆಂಬರ್ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ಅಷ್ಟು ವರ್ಷದ ತಿರುಗಾಟ ಮಣ್ಣುಪಾಲು.

ಆಯುಧ ಪೂಜೆಗೆ ಮಾವ ಮನೆಯ ಪ್ರತಿಯೊಂದು ಯಂತ್ರಕ್ಕೂ ಸೇವೆ ಮಾಡುತ್ತಿದ್ದರು. ಹೊಲಿಗೆ ಯಂತ್ರಕ್ಕೆ ಎಣ್ಣೆ, ಸ್ಕೂಟರಿಗೆ ಹೊಸ ಕೇಬಲ್ಲು, ಮಿಕ್ಸಿಗೆ ಹೊಸ ವೈರು. ಆ ವರ್ಷ ಲ್ಯಾಪ್‌ಟಾಪಿಗೂ ಏನಾದರೂ ಹೊಸದು ಆಗಬೇಡವೇ? ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತಿದ್ದಾಗ, ರಾಜಾಜಿನಗರದ ಅಂಗಡಿಯೊಂದರಿಂದ ತಂದ ಡಿವಿಡಿ ಹಾಕಿ, ಕೇಳಿದ್ದಕ್ಕೆಲ್ಲ ಸರಿ ಸರಿ ಎಂದು ಒತ್ತಿ, ಹೊಸ ಆಪರೇಟಿಂಗ್ ಸಿಸ್ಟಮ್ಮನ್ನೇ ಹಾಕಿಬಿಟ್ಟರು. ಆಮೇಲೆ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆಗೆ ಇಟ್ಟರು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಹಾಗಾಗಿ ನನಗೆ ಅನಾಹುತ ಗೊತ್ತಾದದ್ದು ಮರುದಿನ ಮಂಗಳಾರತಿ ಆದ ಮೇಲೆ.

ಪುಣ್ಯಕ್ಕೆ ನನ್ನ ಬರಹ ಎಲ್ಲಿತ್ತೋ ಅಲ್ಲೇ ಇತ್ತು. ಪರದೆ ಗಾಜಿನ ಹಾಗೆ ಥಳಥಳಿಸುತ್ತಿತ್ತು. ಕಿಟಕಿಗಳು ತೇಲಿ ಬಂದು ತೇಲಿ ಹೋಗುತ್ತಿದ್ದವು. ಮಾವ ಹಿಂದೆ ನಿಂತು, ಹೇಗಿದೆ ಹೇಗಿದೆ ಎಂದು ಕೇಳುತ್ತಲೇ ಇದ್ದರು. ಚೆನ್ನಾಗಿದೆ ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಮೊದಲೆಲ್ಲ ಮಧ್ಯಾಹ್ನ ಕರೆಂಟ್ ಹೋದರೆ ಬರುವ ತನಕವೂ ಆ ಬ್ಯಾಟರಿ ನನ್ನನ್ನು ಸಾಕುತ್ತಿತ್ತು. ಅವತ್ತು ಮಗಳಿಗೆ ಊಟ ಮಾಡಿಸಿ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಆ ವರ್ಷ ಮಳೆ ಕೈಕೊಟ್ಟು ಲೋಡ್ ಶೆಡ್ಡಿಂಗ್ ವಿಪರೀತವಿತ್ತು. ನಮ್ಮ ಬೀದಿಗೆ ಸರಿಯಾಗಿ ಮಧ್ಯಾಹ್ನದ ಹೊತ್ತು. ಮಗಳು ಶಾಲೆಯಲ್ಲಿದ್ದು ನಾನು ಬರೆಯಬಹುದಾಗಿದ್ದ ಹೊತ್ತೂ ಅದೊಂದೇ. ಹಾಗಾದರೆ ಇನ್ವರ್ಟರ್ ಹಾಕಿಸಬಹುದಿತ್ತಲ್ಲ ಎಂದು ಕೇಳುವವರು ನಮ್ಮ ಮಾವನನ್ನು ನೋಡಿಲ್ಲ. ಇಲಾಖೆಯಲ್ಲಿ ಜೀವಮಾನ ಸವೆಸಿದವನ ಮನೆಗೆ ಇನ್ವರ್ಟರ್ ತರುವುದೆಂದರೆ ಇಲಾಖೆಗೆ ಉಗಿದ ಹಾಗೆ ಎನ್ನುವುದು ಅವರ ವಾದ. ಕರೆಂಟ್ ಹೋದರೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಬಂದೇ ಬರುತ್ತದೆ ಎನ್ನುವವರು ಅವರು.

ಅಂಗಡಿಯವನನ್ನು ವಿಚಾರಿಸಿದರೆ, ಹಳೆಯದಕ್ಕೆ ಹೋಗಬೇಕಾದರೆ ಎಲ್ಲ ಅಳಿಸಿ ಹಾಕಬೇಕು, ಏನಾದರೂ ಕಳೆದುಹೋದರೆ ತನ್ನನ್ನು ಕೇಳಬೇಡಿ ಎಂದ. ಪ್ರಬಂಧ ಮುಗಿಯುವ ತನಕ ಅದನ್ನು ಯಾರೂ ಮುಟ್ಟಬೇಡಿ ಎಂದು ನನ್ನ ಗಂಡ ಹೇಳಿದರು. ಹೇಳಿ ಆಫೀಸಿಗೆ ಹೋದರು. ಅಪ್ಪನಿಗೂ ಹೆಂಡತಿಗೂ ನಡುವೆ ತಲೆ ಹಾಕುವ ಜಾಯಮಾನ ಅವರದಲ್ಲ.

ಅಪ್‌ಗ್ರೇಡಿನಿಂದ ಹೀಗಾಯಿತು ಎಂದು ಮಾವ ಕೊನೆಯವರೆಗೂ ಒಪ್ಪಲಿಲ್ಲ. ಬ್ಯಾಟರಿಗೆ ವಯಸ್ಸಾಯಿತು ಎಂದರು. ನಾನು ಮುಚ್ಚಳವನ್ನು ಜೋರಾಗಿ ಮುಚ್ಚುತ್ತೇನೆ ಎಂದರು. ಮೊನ್ನೆಯವರೆಗೆ ಸರಿಯಿತ್ತಲ್ಲ ಮಾವ ಎಂದರೆ, ಮೊನ್ನೆಯವರೆಗೆ ಸರಿಯಿದ್ದದ್ದೇ ನಿನ್ನೆ ಕೆಡುವುದು ಎಂದರು. ಆಮೇಲೆ ಎಲ್ಲೋ ಲೀಕೇಜ್ ಇದೆ ಎಂದು ಶುರುವಿಟ್ಟುಕೊಂಡರು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮೀಟರ್ ಓಡುತ್ತಿದ್ದರೆ ಒಂದೊಂದೇ ಸ್ವಿಚ್ ಆರಿಸಿ ಪತ್ತೆ ಮಾಡಬೇಕಂತೆ. ನಾನು ತರಕಾರಿಗೆ ಹೋಗಿದ್ದಾಗ ಲ್ಯಾಪ್‌ಟಾಪಿನ ಮುಂದೆ ಕೂತು, ಅನಾವಶ್ಯಕ ಲೋಡು ಎಂದು ತಮಗೆ ಕಂಡದ್ದನ್ನೆಲ್ಲ ತೆಗೆದು ಹಾಕಿದರು. ಬ್ಯಾಟರಿ ಎರಡು ನಿಮಿಷ ಹೆಚ್ಚು ಬಂತೋ ಇಲ್ಲವೋ ಗೊತ್ತಿಲ್ಲ. ಕನ್ನಡ ಟೈಪು ಮಾಡುವ ತಂತ್ರಾಂಶ ಮಾತ್ರ ಮಾಯವಾಗಿತ್ತು. ಕನ್ನಡದ ಪ್ರಬಂಧ, ಕನ್ನಡವೇ ಬರದ ಯಂತ್ರ. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅತ್ತೆಯವರಿಗೆ ಇದೆಲ್ಲ ತಮಾಷೆ. ಮಗಳಿಗೆ ಅಕ್ಷರ ಕಲಿಸುವ ವಯಸ್ಸಿನಲ್ಲಿ ತಾಯಿಗೆ ಯಾಕೆ ಪರೀಕ್ಷೆ ಎನ್ನುತ್ತಿದ್ದರು. ಅವತ್ತು ಮಾತ್ರ ನನ್ನ ಮುಖ ನೋಡಿ ಕಾಫಿ ತಂದಿಟ್ಟು, ಮಾವನ ಕಡೆ ಒಂದು ಸಲ ನೋಡಿ ಒಳಗೆ ಹೋದರು.

ತಂತ್ರಾಂಶವನ್ನು ಮತ್ತೆ ಹಾಕಿಸಿಕೊಂಡೆ. ಮಾರನೆಯ ದಿನದಿಂದ ಮಾವ ಇನ್ನೊಂದು ಕೆಲಸ ಹಚ್ಚಿಕೊಂಡರು. ಬೆಳಗ್ಗೆ ತಿಂಡಿ ಆದ ಕೂಡಲೇ ಫೋನಿನ ಹತ್ತಿರ ಕೂತು, ಸಬ್‌ಸ್ಟೇಷನ್ನುಗಳಲ್ಲಿ ಇನ್ನೂ ಕೆಲಸದಲ್ಲಿದ್ದ ತಮ್ಮ ಕೈಕೆಳಗಿನವರಿಗೆಲ್ಲ ಫೋನ್ ಮಾಡಿ, ಇವತ್ತು ಯಾವ ಲೈನು ಯಾವಾಗ ತೆಗೆಯುತ್ತೀರಿ ಎಂದು ವಿಚಾರಿಸುವುದು. ನಮ್ಮಲ್ಲಿ ಕರೆಂಟ್ ಹೋಗುವುದಕ್ಕೆ ಮೊದಲೇ ಸ್ಕೂಟರ್ ಹೊರಗೆ ನಿಂತಿರುತ್ತಿತ್ತು.

“ಅನ್ನಪೂರ್ಣೇಶ್ವರಿ ನಗರದಲ್ಲಿ ಸಂಜೆವರೆಗೂ ತೆಗೆಯಲ್ವಂತೆ. ಎತ್ಕೊಳಮ್ಮಾ ನಿನ್ನ ಡಬ್ಬಾನ, ಹೊರಡು.”

ಹೀಗೆ ಕರೆಂಟಿನ ಹಿಂದೆ ನಮ್ಮ ಅಲೆದಾಟ ಶುರುವಾಯಿತು. ಕೆಂಗೇರಿಯಲ್ಲಿ ಅವರ ಹಳೆಯ ಸಹೋದ್ಯೋಗಿಯ ಮನೆ, ನಾಗರಭಾವಿಯಲ್ಲಿ ಸೋದರತ್ತೆಯ ಮಗಳ ಮನೆ, ಲಗ್ಗೆರೆಯಲ್ಲಿ ಯಾವ ಕಾಲದಲ್ಲೋ ಅವರಿಗೆ ಕಂಬ ಹತ್ತುವುದನ್ನು ಕಲಿಸಿಕೊಟ್ಟವನ ಮನೆ. ಯಾರಿಗೂ ಮೊದಲೇ ತಿಳಿಸುವ ಪದ್ಧತಿ ಇಲ್ಲ. ಬಾಗಿಲು ತೆರೆದವರಿಗೆ ನಮಸ್ಕಾರ ಹೇಳುವ ಮೊದಲೇ ಮಾವ ಅವರ ಗೋಡೆಯ ಪ್ಲಗ್ಗಿಗೆ ಟೆಸ್ಟರ್ ತೂರಿಸಿರುತ್ತಿದ್ದರು. ನಾನು ನಾಚಿಕೆಯಿಂದ ಹಿಡಿಯಾಗಿ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆ. ಟಿವಿಯಲ್ಲಿ ಧಾರಾವಾಹಿ, ಪಕ್ಕದಲ್ಲಿ ಬೇಡವೆಂದರೂ ಉಪ್ಪಿಟ್ಟು, ಮನೆಯಾಕೆಯಿಂದ ಎಷ್ಟು ಮಕ್ಕಳು, ಎರಡನೆಯದು ಯಾವಾಗ ಎಂಬ ವಿಚಾರಣೆ. ನಾಲ್ಕನೆಯ ಅಧ್ಯಾಯದ ಬಹುಪಾಲು ಹೀಗೆ ಕಂಡವರ ನಡುಮನೆಗಳಲ್ಲಿ ಬರೆದದ್ದು.

ಲಗ್ಗೆರೆಯ ಮನೆಗೆ ಹೋದ ಒಂದು ದಿನ ಅಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು. ಯಾವ ಮರ್ಯಾದಸ್ಥರಾದರೂ ಬಾಗಿಲಿನಿಂದಲೇ ವಾಪಸಾಗುತ್ತಿದ್ದರು. ನಮ್ಮ ಮಾವ, ಅದಕ್ಕೇನಂತೆ, ಒಂದು ಪ್ಲಗ್ ಸಾಕು ಎಂದು ನನ್ನನ್ನು ಒಳಗೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಗಂಡಿನ ಕಡೆಯವರು ಬಂದರು. ಗಂಡಿನ ಅಜ್ಜಿಗೆ ಕಣ್ಣು ಮಂಜು. ನೇರವಾಗಿ ನನ್ನ ಹತ್ತಿರ ಬಂದು ಗಲ್ಲ ಹಿಡಿದು, ಹುಡುಗಿ ಲಕ್ಷಣವಾಗಿದ್ದಾಳೆ, ಈಗಲೂ ಓದುತ್ತಲೇ ಕೂತಿದ್ದಾಳಲ್ಲ ಎಂದರು. ಮನೆಯವರೆಲ್ಲ ನಕ್ಕರು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬರುವಾಗ ಸ್ಕೂಟರಿನ ಹಿಂದೆ ಕೂತು ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಪಾಡಿಗೆ ನಾನಿದ್ದೆ, ನೀವು ಮುಟ್ಟದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ, ಇನ್ನೊಬ್ಬರ ಮನೆಯಲ್ಲಿ ಮಾನ ಕಳೆದುಕೊಂಡು ಬರುವ ಡಾಕ್ಟರೇಟ್ ನನಗೆ ಬೇಡ, ನಾಳೆಯಿಂದ ಬರೆಯುವುದಿಲ್ಲ ಎಂದೆ. ಮಾವ ಮಾಗಡಿ ರಸ್ತೆಯ ಬದಿಗೆ ಸ್ಕೂಟರ್ ನಿಲ್ಲಿಸಿದರು. ಇಳಿಯಲೂ ಇಲ್ಲ, ಹಿಂದೆ ತಿರುಗಲೂ ಇಲ್ಲ.

“ನಿಮ್ಮತ್ತೆ ಮದ್ವೆಯಾಗಿ ಬಂದಾಗ ಬಿ.ಎ. ಎರಡನೇ ವರ್ಷ,” ಎಂದರು. “ಪರೀಕ್ಷೆ ಕಟ್ತೀನಿ ಅಂದ್ಲು. ನಮ್ಮಪ್ಪ ಬೇಡ ಅಂದ್ರು. ನಾನು ಬಾಯಿ ಬಿಡ್ಲಿಲ್ಲ.”

ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಅವರು ಮತ್ತೆ ಹೇಳಿದರು: “ನೀನು ಬೈಕೋ. ಆದ್ರೆ ಬರೆಯೋದು ನಿಲ್ಲಿಸ್ಬೇಡ ಕಣಮ್ಮಾ.”

ಅಷ್ಟು ಹೇಳಿ ಸ್ಕೂಟರ್ ಒದ್ದರು. ಅದು ನಾಲ್ಕು ಸಲ ಒದ್ದರೂ ಶುರುವಾಗಲಿಲ್ಲ. ಆಯುಧ ಪೂಜೆಗೆ ಅದಕ್ಕೂ ಸೇವೆಯಾಗಿತ್ತಲ್ಲ. ವಿಜಯನಗರದ ಹಾದಿಯಲ್ಲಿ ಅರ್ಧ ದೂರ ಇಬ್ಬರೂ ತಳ್ಳಿಕೊಂಡು ಬಂದೆವು. ನನ್ನ ಸಿಟ್ಟು ಇಳಿದಿರಲಿಲ್ಲ.

ಮಾರನೆಯ ದಿನ ಕೆಂಗೇರಿಗೆ ಹೋದೆವು.

ಡಿಸೆಂಬರಿನಲ್ಲಿ ಗಡುವಿನೊಳಗೆ ಪ್ರಬಂಧ ಒಪ್ಪಿಸಿದೆ. ರಟ್ಟು ಹಾಕಿಸಿದ ಪ್ರತಿಗಳಲ್ಲಿ ಒಂದನ್ನು ಮಾವ ನನ್ನ ಕೈಯಿಂದ ಕೇಳಿ ಪಡೆದು, ಅಕ್ಕಿ ಆರಿಸುತ್ತಿದ್ದ ಅತ್ತೆಯ ಮಡಿಲಿಗೆ ಇಟ್ಟರು. ಏನೂ ಹೇಳಲಿಲ್ಲ. ಅತ್ತೆಯೂ ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು, ಅದನ್ನು ಒಳಗೆ ತೆಗೆದುಕೊಂಡು ಹೋಗಿ ಬೀರುವಿನಲ್ಲಿಟ್ಟು ಬಂದರು. ಇಷ್ಟೇನಾ ಎಂದು ನನಗೆ ಬೇಜಾರಾಯಿತು. ಅದೇ ವಾರ ಮಾವ ಲ್ಯಾಪ್‌ಟಾಪಿಗೆ ಇನ್ನೂ ಹೊಸದೇನೋ ಬಂದಿದೆಯಂತೆ ಎಂದು ಶುರು ಮಾಡಿದಾಗ, ನಾನು ಅದನ್ನು ತವರುಮನೆಗೆ ಸಾಗಿಸಿದೆ.

ಕೆಲವು ವರ್ಷಗಳಾದ ಮೇಲೆ ಒಂದು ಬೆಳಗ್ಗೆ, ಪೇಪರ್ ಓದುತ್ತಿದ್ದ ಮಾವ ಎದೆ ಹಿಡಿದುಕೊಂಡು ಕುರ್ಚಿಯಲ್ಲೇ ಒರಗಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ವೈಕುಂಠ ಸಮಾರಾಧನೆಗೆ ಕೆಂಗೇರಿ, ನಾಗರಭಾವಿ, ಲಗ್ಗೆರೆಗಳಿಂದ ಬಂದವರೆಲ್ಲ ನನ್ನನ್ನೇ ಹುಡುಕಿಕೊಂಡು ಬಂದು, ಬರೆದದ್ದು ಏನಾಯಿತು ಎಂದು ಕೇಳಿದರು. ಆ ಮನೆಗಳಲ್ಲಿ ನಾನು ತಲೆ ತಗ್ಗಿಸಿ ಕೂತದ್ದನ್ನೆಲ್ಲ ಅವರು ಸಂಭ್ರಮದಿಂದ ನೆನಪು ಮಾಡಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಕೂತು ಬರೆದಳು ಎಂದು ಒಬ್ಬರು ಹೆಮ್ಮೆಯಿಂದ ಹೇಳಿದರು.

ಅದಾಗಿ ಒಂದು ತಿಂಗಳಿಗೆ, ಮಧ್ಯಾಹ್ನದ ಹೊತ್ತು, ಅತ್ತೆ ಬೀರುವಿನಿಂದ ಪ್ರಬಂಧ ತೆಗೆದುಕೊಂಡು ಬಂದು ನನ್ನ ಪಕ್ಕ ಕೂತರು. ಪುಟಗಳ ಅಂಚು ಬೆರಳಾಡಿ ಮಾಸಿತ್ತು. ನಾವೆಲ್ಲ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದರು. ಈಗಲೂ ಬಿ.ಎ. ಪರೀಕ್ಷೆಗೆ ಕಟ್ಟಬಹುದಾ ಎಂದು ಮೆಲ್ಲಗೆ ಕೇಳಿದರು. ನಾನು ಬೆರಗಾಗಿ, ಮಾವ ಇದ್ದಾಗಲೇ ಯಾಕೆ ಕೇಳಲಿಲ್ಲ, ಅವರು ಕುಣಿದಾಡುತ್ತಿದ್ದರಲ್ಲ ಎಂದೆ. ಅವತ್ತು ಮಾಗಡಿ ರಸ್ತೆಯಲ್ಲಿ ಅವರು ನನಗೆ ಹೇಳಿದ್ದನ್ನೂ ಹೇಳಿದೆ.

ಅತ್ತೆ ಪ್ರಬಂಧವನ್ನು ಮುಚ್ಚಿ ಮಡಿಲಿಗೆ ಎಳೆದುಕೊಂಡರು.

“ನಿನ್ನ ಹತ್ರ ಹೇಳಿದ್ರಾ,” ಎಂದರು. “ನಂಗೊಂದಿನಾನೂ ಹೇಳ್ಲಿಲ್ಲ ಕಣೇ. ನಾನೇ ಕೇಳಿದ್ರೆ ಎಲ್ಲಿ ಅತ್ಬಿಡ್ತಾರೋ ಅಂತ ನಾನೂ ಕೇಳ್ಲಿಲ್ಲ.”

ಆಗ ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಲ್ಯಾಪ್‌ಟಾಪಿನ ದಿನಗಳಲ್ಲೂ ಬಂದಿರಲಿಲ್ಲ. ಊರೆಲ್ಲ ಸುತ್ತಿಸಿ ನನ್ನಿಂದ ಬರೆಸಿದವರಿಗೆ ನಡುಮನೆಯಿಂದ ಅಡುಗೆಮನೆಗೆ ಹೋಗಿ ಒಂದು ಮಾತು ಹೇಳಲು ಆಗಲಿಲ್ಲ. ಅವರು ಎದುರಿಗಿದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದೆ, ಆಮೇಲೆ ಕಾಲಿಗೆ ಬೀಳುತ್ತಿದ್ದೆ. ಎರಡಕ್ಕೂ ಅವರಿಲ್ಲ. ಅತ್ತೆಯನ್ನು ಬೇಗ ಹೊರಡಿಸಿದೆ. ಕಚೇರಿ ಮುಚ್ಚುವ ಮೊದಲು ಜ್ಞಾನಭಾರತಿ ತಲುಪಿ ವಿಚಾರಿಸಬೇಕಿತ್ತು.