ಭಾವ ಹಾಕಿದ ಬೇಲಿ

ಸೀರೆ ಉಡುವ ನಮ್ಮ ಹೆಂಗಸರ ಸೊಂಟದಲ್ಲಿ ಲಂಗದ ಲಾಡಿ ಕಪ್ಪು ಗೆರೆ ಮೂಡಿಸಿರುತ್ತದೆ. ಅದನ್ನು ಯಾರೂ ರೋಗ ಎನ್ನುವುದಿಲ್ಲ. ಅಪ್ಪ ಹೋದ ಮೇಲೆ ಸೊರಬದ ಕಡೆಯಿಂದ ಬಂದು ನನ್ನ ಜೊತೆಗಿದ್ದ ಅವ್ವ, ಆ ಗೆರೆಯ ಮೇಲೆ ಹುಣ್ಣಾದಾಗಲೂ ಅರಿಶಿನ ಮೆತ್ತಿ ಮೇಲೆ ಅದೇ ಲಾಡಿ ಬಿಗಿದುಕೊಂಡಳು. ಶಿಕಾರಿಪುರದ ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್. "ಬೇಗ ತೆಗೆಸಿದ್ರೆ ಗುಣ ಆಗುತ್ತೆ, ತಡ ಮಾಡಬೇಡ್ರಿ" ಎಂದು ಶಿವಮೊಗ್ಗಕ್ಕೆ ಬರೆದುಕೊಟ್ಟರು.

ಅಷ್ಟರಲ್ಲಿ ಕೊರೋನಾ ಬಂತು. ಅಂಬ್ಲಿಗೊಳದ ಹತ್ತಿರದ ನಮ್ಮ ಊರಿನ ದಾರಿಗೆ ಜಾಲಿಮುಳ್ಳಿನ ಬೇಲಿ ಬಿತ್ತು. ಕಾವಲಿನ ಯಜಮಾನಿಕೆ ನನ್ನ ಗಂಡನ ಅಣ್ಣನದು. ಕೈಯಲ್ಲಿ ಕೋಲು, ಬಾಯಿಗೆ ಟವೆಲ್, ಮಗ್ಗುಲಿಗೆ ನಾಲ್ಕು ಗಂಡಸರು. ಆಗಿನ್ನೂ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ.

ಆಪರೇಷನ್ನಿಗೆ ಹೊರಟ ದಿನ ನಮ್ಮ ಬಾಡಿಗೆ ಕಾರನ್ನು ತಡೆದ. ಡಾಕ್ಟರ ಚೀಟಿ ತೋರಿಸಿದೆ.

"ಚೀಟಿ ಯಾರ್ ಬೇಕಾದ್ರೂ ಬರೆಸ್ತಾರೆ. ಜ್ವರ ಇಲ್ಲ, ಕೆಮ್ಮಿಲ್ಲ. ಗಾಯ ಐತಿ ಅಂದ್ರೆ ತೋರಿಸ್ಲಿ, ಬಿಡ್ತೀನಿ" ಎಂದ.

"ಸೊಂಟದಾಗೈತ್ರಿ ಭಾವ" ಎಂದೆ ಮೆಲ್ಲಗೆ.

"ಎಲ್ಲಿದ್ರೇನು?"

ಪಕ್ಕದವರು ನಕ್ಕರು. ಅವ್ವ ಸೆರಗು ಬಿಗಿಹಿಡಿದು ಕಾರಿನಿಂದ ಇಳಿದಳು. "ನಡಿಯೇ ಮನೆಗೆ. ಸತ್ರೆ ಸಾಯ್ತೀನಿ" ಎಂದು ಹಿಂದಕ್ಕೆ ನಡೆದೇ ಬಿಟ್ಟಳು. ಎಷ್ಟು ಬೇಡಿಕೊಂಡರೂ, ಆ ಬೇಲಿ ತೆಗೆಯುವ ತನಕ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅಷ್ಟು ಹೊತ್ತಿಗೆ ರೋಗ ಹರಡಿ ತೊಡೆಸಂದಿನಲ್ಲಿ ಗಂಟು ಎದ್ದಿತ್ತು. ಆಪರೇಷನ್ ಮಾಡಿದರು, ಆದರೂ ಮಳೆಗಾಲ ಮುಗಿಯುವುದರೊಳಗೆ ಅವ್ವ ಹೋದಳು.

ನನ್ನ ಹೊಟ್ಟೆಯ ಉರಿ ಆರಲಿಲ್ಲ. ನಾನು ಆರಿಸಿಕೊಳ್ಳಲೂ ಇಲ್ಲ. ಊರಿಗೆ ರೋಗ ಬರದಂತೆ ಕಾದವನೆಂದು ಮರುವರ್ಷ ಊರವರು ಸಭೆ ಮಾಡಿ ಅವನಿಗೆ ಶಾಲು ಹೊದಿಸಿದರು. ಆರತಿ ಎತ್ತಲು ಮನೆಯ ಸೊಸೆ ಎಂದು ನನ್ನನ್ನೇ ಕರೆದರು. ತಟ್ಟೆ ಹಿಡಿದು ಹೋದೆ, ಎತ್ತಲಿಲ್ಲ. ಮೈಕ್ ತೆಗೆದುಕೊಂಡು, ಅವತ್ತು ಅವನು ನನ್ನ ಅವ್ವನಿಗೆ ಏನು ತೋರಿಸು ಎಂದಿದ್ದ, ಯಾರ್‍ಯಾರ ಮುಂದೆ ಎಂದಿದ್ದ, ಬಿಡದೆ ಹೇಳಿದೆ. ನಕ್ಕವರ ಹೆಂಡಂದಿರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವನ ಹೆಂಡತಿ ಎದ್ದು ಹೋದಳು.

ಮರುದಿನ ಅವನು ನಮ್ಮ ಜಗಲಿಯ ಮೇಲೆ ಬಂದು ಕೂತ. "ತಪ್ಪಾತವ್ವ. ಅಂಥಾ ರೋಗ ಅಂತ ಗೊತ್ತಿರ್ಲಿಲ್ಲ. ಹೊಟ್ಟಿಗೆ ಹಾಕ್ಕೋ" ಎಂದು ಅತ್ತ.

ನನ್ನ ಗಂಡ ಒಳಗೆ ಬಂದು, "ಸಾಕಿನ್ನು, ನೀರಾದ್ರೂ ಕೊಡು" ಎಂದರು. ಕೊಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಹಾಯೆನಿಸಿತು. ಅವನು ಇನ್ನೂ ಸ್ವಲ್ಪ ಹೊತ್ತು ಅಳಬೇಕಿತ್ತು.